ಮಂಡಿ ಸವೆತದ ನೋವಿಗೆ ಒಳಗೆ ಅಳವಡಿಸುವ ಸಾಧನ: ಪರೀಕ್ಷೆಗೆ ಸೇರುವ ಮುನ್ನ ಏನನ್ನು ಕೇಳಬೇಕು?

ಏರುದಾರಿ (ಪ್ರಶ್ನೆ)

ನನಗೆ ಈಗ 51 ವರ್ಷ. ಬಲಮಂಡಿಯ ಒಳಬದಿಯಲ್ಲಿ ನಾಲ್ಕು ವರ್ಷಗಳಿಂದ ನೋವಿದೆ. ಎಕ್ಸ್‌ರೇ ನೋಡಿದ ವೈದ್ಯರು ಸವೆತವನ್ನು 0ರಿಂದ 4ರವರೆಗೆ ಎಣಿಸುವ ಕೆಲ್‌ಗ್ರೆನ್–ಲಾರೆನ್ಸ್ ಅಳತೆಯಲ್ಲಿ ಇದು 3ನೇ ದರ್ಜೆಯ ಸವೆತ ಎಂದು ಬರೆದಿದ್ದಾರೆ. ತೊಡೆಯ ಸ್ನಾಯುಗಳಿಗೆ ಹೇಳಿಕೊಟ್ಟ ವ್ಯಾಯಾಮವನ್ನು ಬಿಡದೆ ಮಾಡಿದ್ದೇನೆ, 6 ಕಿಲೋ ತೂಕ ಇಳಿಸಿದ್ದೇನೆ, ಎರಡು ಬಾರಿ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡಿದ್ದೇನೆ. ಸಮನೆಲದಲ್ಲಿ ಅರ್ಧ ಗಂಟೆ ನಡೆಯಬಲ್ಲೆ. ಮೆಟ್ಟಿಲು ಇಳಿಯುವಾಗ ಮಾತ್ರ ಪ್ರತಿ ಹೆಜ್ಜೆಗೂ ಕೈಯಾಸರೆ ಬೇಕು. ಕೀಲು ಬದಲಾವಣೆಗೆ ಇನ್ನೂ ವಯಸ್ಸಾಗಿಲ್ಲ ಎನ್ನುತ್ತಾರೆ. ಮೂಳೆ ಕತ್ತರಿಸಿ ಕಾಲಿನ ಓರೆಯನ್ನು ತಿದ್ದುವ ಆಸ್ಟಿಯಾಟಮಿ ಮಾಡಿಸಬಹುದು ಎಂದರು, ಆದರೆ ಅಷ್ಟು ವಾರ ಊರುಗೋಲಿನ ಮೇಲಿರಲು ನನ್ನ ಕೆಲಸ ಬಿಡುವುದಿಲ್ಲ.

ಈಗ ಮೂರನೆಯ ದಾರಿಯೊಂದು ಎದುರಿಗೆ ಬಂದಿದೆ. ಮಂಡಿಯ ಒಳಬದಿಯಲ್ಲಿ, ಚರ್ಮದ ಕೆಳಗೆ, ಮೇಲಿನ ಮತ್ತು ಕೆಳಗಿನ ಮೂಳೆಗಳಿಗೆ ಸ್ಕ್ರೂ ಹಾಕಿ ಕೂರಿಸುವ ಭಾರಹೀರುವ ಸಾಧನವೊಂದರ ಪರೀಕ್ಷೆಗೆ ನಾನು ಹೊಂದಬಹುದು ಎಂದು ತಿಳಿಸಿ, ಇಪ್ಪತ್ತಕ್ಕೂ ಹೆಚ್ಚು ಪುಟಗಳ ಸಮ್ಮತಿ ಪತ್ರವನ್ನು ಓದಲು ಕೊಟ್ಟಿದ್ದಾರೆ. ಎರಡು ಸಲ ಓದಿದೆ. ಅಪಾಯಗಳ ಪಟ್ಟಿ ಅರ್ಥವಾಗುತ್ತದೆ. ಆದರೆ ಈ ಪರೀಕ್ಷೆಯು ನಿಜಕ್ಕೂ ಏನನ್ನು ಕಂಡುಹಿಡಿಯಲು ಹೊರಟಿದೆ, ಅದರ ಕೊನೆಗೆ ಸಿಗುವ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು, ನನ್ನಂಥವನು ಸಹಿ ಹಾಕುವ ಮುನ್ನ ಯಾವ ಪ್ರಶ್ನೆಗಳನ್ನು ಕೇಳಬೇಕು ಎಂಬುದು ಅದರಿಂದ ತಿಳಿಯಲಿಲ್ಲ. ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು.

ಕೀಲುಮೂಳೆ (ಉತ್ತರ)

ನಾನು ಮೂಳೆ ಮತ್ತು ಕೀಲಿನ ಶಸ್ತ್ರವೈದ್ಯ. ನಿಮ್ಮನ್ನು ನೋಡದೆ ನಿಮಗೆ ಇದು ಬೇಕೋ ಬೇಡವೋ ಎಂದು ಹೇಳಲಾರೆ. ಸಾಧನದ ಹಿಂದಿರುವ ಆಲೋಚನೆಯನ್ನು ಮಾತ್ರ ವಿವರಿಸುತ್ತೇನೆ.

ಮಂಡಿಯಲ್ಲಿ ಭಾರ ಸಮನಾಗಿ ಹಂಚಿಹೋಗುವುದಿಲ್ಲ. ನಡೆಯುವಾಗ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡರಿಂದ ಮೂರು ಪಟ್ಟು ಒತ್ತಡ ಬೀಳುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಒಳಬದಿಯೇ ಹೊರುತ್ತದೆ. ಕಾಲು ಸ್ವಲ್ಪ ಬಿಲ್ಲಿನಂತೆ ಹೊರಕ್ಕೆ ಬಾಗಿದ್ದರೆ ಆ ಪಾಲು ಇನ್ನಷ್ಟು ಏರುತ್ತದೆ. ಆದ್ದರಿಂದಲೇ ಸವೆತ ಬಹಳ ಜನರಲ್ಲಿ ಒಳಬದಿಯಿಂದ ಆರಂಭವಾಗುತ್ತದೆ. ಮೂಳೆಯ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿಗೆ ನರಗಳಿಲ್ಲ, ಅದು ಸವೆದದ್ದೇ ನೋವಲ್ಲ. ನೋವು ಹುಟ್ಟುವುದು ಅದರ ಕೆಳಗಿರುವ ಮೂಳೆಯಿಂದ, ಕೀಲಿನ ಒಳಪೊರೆಯಿಂದ, ಕೀಲನ್ನು ಸುತ್ತಿರುವ ಕವಚದಿಂದ. ಎಕ್ಸ್‌ರೇಯಲ್ಲಿ ತೀರಾ ಸವೆದಂತೆ ಕಾಣುವ ಮಂಡಿಯವರು ಆರಾಮವಾಗಿ ನಡೆಯುವುದನ್ನೂ, ಅಷ್ಟೇನೂ ಸವೆಯದ ಮಂಡಿಯವರು ರಾತ್ರಿ ನಿದ್ದೆಗೆಡುವುದನ್ನೂ ನಾವು ದಿನವೂ ನೋಡುತ್ತೇವೆ.

ಒಳಬದಿಯ ಭಾರವನ್ನು ಒಂದಿಷ್ಟು ಇಳಿಸಿದರೆ ಕೆಳಗಿನ ಮೂಳೆಗೆ ಬಿಡುವು ಸಿಕ್ಕಿ ನೋವು ಕಡಿಮೆಯಾದೀತು ಎಂಬುದು ಈ ಸಾಧನದ ತರ್ಕ. ಆಸ್ಟಿಯಾಟಮಿಯ ತರ್ಕವೂ ಇದೇ. ಅಲ್ಲಿ ಮೂಳೆಯನ್ನು ಕತ್ತರಿಸಿ ಕಾಲಿನ ಅಕ್ಷವನ್ನೇ ಬದಲಿಸುತ್ತೇವೆ. ಇಲ್ಲಿ ಮೂಳೆಯನ್ನು ಕತ್ತರಿಸದೆ, ಕೀಲಿನ ಕವಚವನ್ನೂ ತೆರೆಯದೆ, ಹೊರಗಿನಿಂದ ಒಂದು ಶಾಕ್ ಅಬ್ಸಾರ್ಬರ್ ಕೂರಿಸುತ್ತೇವೆ. ಕಾಲು ನೆಲಕ್ಕೆ ಊರಿದಾಗ ಅದು ಕುಗ್ಗಿ ಭಾರದ ಒಂದು ಪಾಲನ್ನು ತನ್ನ ಮೇಲೆ ತೆಗೆದುಕೊಳ್ಳುತ್ತದೆ, ಮಂಡಿ ಮಡಚಿದಾಗ ಸಡಿಲವಾಗುತ್ತದೆ. ಒಳಗಿನ ಕೀಲನ್ನು ಮುಟ್ಟಿರುವುದಿಲ್ಲವಾದ್ದರಿಂದ ಮುಂದೆ ಕೀಲು ಬದಲಾವಣೆ ಬೇಕಾದರೂ ದಾರಿ ತೆರೆದಿರುತ್ತದೆ ಎಂಬುದು ಇದರ ದೊಡ್ಡ ಆಕರ್ಷಣೆ.

ಈ ವರ್ಗದ ಸಾಧನ ತೀರಾ ಹೊಸದೇನಲ್ಲ. ಮಾಕ್ಸಿಮೆಡ್ ಎಂಬ ಅಮೆರಿಕನ್ ಸಂಸ್ಥೆ ಮೊದಲು ಕೈನ್‌ಸ್ಪ್ರಿಂಗ್ ಹೆಸರಿನ ಎರಡು ಸ್ಪ್ರಿಂಗ್‌ಗಳ ಸಾಧನವನ್ನು ತಂದಿತು; ಅದನ್ನು ಗರಿಷ್ಠ 13 ಕಿಲೋ ಭಾರ ಹೀರುವಂತೆ ರೂಪಿಸಲಾಗಿತ್ತು. ಅದೇ ಸಂಸ್ಥೆಯ ನಂತರದ ರೂಪವಾದ ಮಿಶಾ ಎಂಬ ಸಾಧನಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2023ರಲ್ಲಿ ಅನುಮತಿ ನೀಡಿತು. ಒಳಬದಿಯ ಸವೆತವಿದ್ದು, ಬೇರೆ ಚಿಕಿತ್ಸೆಗಳಿಂದ ನೆಮ್ಮದಿ ಕಾಣದೆ, ವಯಸ್ಸಿನ ಕಾರಣಕ್ಕೋ ಸವೆತ ಇನ್ನೂ ಅಷ್ಟು ಮುಂದುವರಿಯದ ಕಾರಣಕ್ಕೋ ಕೀಲು ಬದಲಾವಣೆಗೆ ಹೊಂದದವರಿಗೆ ಅಥವಾ ಅದನ್ನು ಒಪ್ಪದವರಿಗೆ ಎಂದು ಆ ಅನುಮತಿಯ ವ್ಯಾಪ್ತಿ. ನೀವು ಹೇಳಿದ ಚಿತ್ರ ಇದಕ್ಕೆ ಹೊಂದುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ನಿಮ್ಮ ನೋವು ಒಳಬದಿಯಲ್ಲೇ, ಬೆರಳಿಟ್ಟು ತೋರಿಸುವಂತೆ ಇದೆಯೇ? ಮೆಟ್ಟಿಲು ಇಳಿಯುವಾಗಿನ ನೋವು ಅನೇಕ ವೇಳೆ ಮಂಡಿಚಿಪ್ಪಿನ ಹಿಂಭಾಗದ ಸವೆತದ್ದಾಗಿರುತ್ತದೆ. ಅದಕ್ಕೆ ಒಳಬದಿಯ ಭಾರ ಇಳಿಸಿ ಪ್ರಯೋಜನವಿಲ್ಲ. ಆಯ್ಕೆಯ ಪರೀಕ್ಷೆಯಲ್ಲಿ ಇದನ್ನು ನೋಡಿದ್ದಾರೆಯೇ ಎಂದು ಮೊದಲು ಕೇಳಿ.

ಎಣಿಕೆಮನೆ (ಉತ್ತರ)

ನನ್ನ ಕೆಲಸ ವೈದ್ಯಕೀಯ ಪ್ರಯೋಗಗಳ ಅಂಕಿಅಂಶ ವಿಶ್ಲೇಷಣೆ. ನೀವು ಕೇಳಿದ ‘ಎಷ್ಟರಮಟ್ಟಿಗೆ ನಂಬಬಹುದು’ ಎಂಬ ಪ್ರಶ್ನೆಗೆ ಉತ್ತರ ಸಾಧನಕ್ಕಿಂತ ಹೆಚ್ಚಾಗಿ ಪರೀಕ್ಷೆಯ ವಿನ್ಯಾಸದಲ್ಲಿದೆ.

ಮಂಡಿ ನೋವಿನ ಅಧ್ಯಯನಗಳಲ್ಲಿ 2002ರ ಒಂದು ಪ್ರಯೋಗವನ್ನು ಯಾರೂ ಮರೆಯಬಾರದು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಬ್ರೂಸ್ ಮೋಸ್ಲಿ ಮತ್ತು ಸಂಗಡಿಗರು ಮಂಡಿ ಸವೆತದ 180 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಿಗೆ ಹಂಚಿದರು. ಒಂದು ಗುಂಪಿಗೆ ಆರ್ತ್ರೋಸ್ಕೋಪಿಯಿಂದ, ಎಂದರೆ ಸಣ್ಣ ಗಾಯದ ಮೂಲಕ ಕ್ಯಾಮೆರಾ ಕೊಳವೆ ತೂರಿಸಿ, ಕೀಲಿನ ಒಳಗನ್ನು ಕೆರೆದು ಶುಚಿಗೊಳಿಸಿದರು, ಇನ್ನೊಂದಕ್ಕೆ ಬರಿದೇ ತೊಳೆದರು, ಮೂರನೆಯ ಗುಂಪಿಗೆ ಚರ್ಮದ ಮೇಲೆ ಸಣ್ಣ ಗಾಯಗಳನ್ನಷ್ಟೇ ಮಾಡಿ ಹೊಲಿದರು. 24 ತಿಂಗಳ ಅವಧಿಯಲ್ಲಿ ಯಾವ ಹಂತದಲ್ಲೂ ನಿಜವಾದ ಶಸ್ತ್ರಚಿಕಿತ್ಸೆ ಹುಸಿ ಶಸ್ತ್ರಚಿಕಿತ್ಸೆಗಿಂತ ಮೇಲೆನಿಸಲಿಲ್ಲ. ಅಷ್ಟು ವರ್ಷ ಆ ಶಸ್ತ್ರಚಿಕಿತ್ಸೆಯಿಂದ ಗುಣವಾಯಿತೆಂದು ಹೇಳಿದ ರೋಗಿಗಳು ಸುಳ್ಳು ಹೇಳಿರಲಿಲ್ಲ, ಅವರ ನೋವು ನಿಜಕ್ಕೂ ಇಳಿದಿತ್ತು. ಇಳಿಸಿದ್ದು ಮಾತ್ರ ಒಳಗಿನ ಕೆಲಸವಾಗಿರಲಿಲ್ಲ.

ಹೀಗಾಗಲು ಹಲವು ಕಾರಣಗಳಿವೆ. ಮಂಡಿ ಸವೆತದ ನೋವು ಒಂದೇ ಮಟ್ಟದಲ್ಲಿ ನಿಲ್ಲದೆ ಕೆಲವು ತಿಂಗಳು ಏರಿ ಕೆಲವು ತಿಂಗಳು ಇಳಿಯುತ್ತದೆ. ಜನ ಪ್ರಯೋಗಕ್ಕೆ ಬರುವುದು ಅದು ಏರಿದ ಹೊತ್ತಿನಲ್ಲಿ. ಏನನ್ನೂ ಮಾಡದಿದ್ದರೂ ಅಂಥ ಗುಂಪಿನ ಸರಾಸರಿ ನೋವು ಮುಂದಿನ ಅಳತೆಯಲ್ಲಿ ಸ್ವಲ್ಪ ಇಳಿದೇ ಇರುತ್ತದೆ. ಇದರ ಜೊತೆಗೆ ನಿರೀಕ್ಷೆಯ ಬಲವಿದೆ, ಅದು ಮಾತ್ರೆಗಿಂತ ಚುಚ್ಚುಮದ್ದಿನಲ್ಲಿ, ಅದಕ್ಕಿಂತ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚು. ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿ, ಕ್ರಮಬದ್ಧ ವ್ಯಾಯಾಮ, ಪ್ರತಿ ತಿಂಗಳು ಫೋನ್ ಮಾಡಿ ವಿಚಾರಿಸುವ ಸಿಬ್ಬಂದಿ, ಇವೆಲ್ಲವೂ ನೋವನ್ನು ತಗ್ಗಿಸುತ್ತವೆ. ಸಾಧನದಿಂದ ಆದ ಲಾಭವೆಷ್ಟು ಎಂದು ತಿಳಿಯಬೇಕಾದರೆ ಇವೆಲ್ಲವನ್ನೂ ಪಡೆದು ಸಾಧನವನ್ನು ಮಾತ್ರ ಪಡೆಯದ ಇನ್ನೊಂದು ಗುಂಪು ಬೇಕು.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆ ಇದಾಗಿರಲಿ: ಹೋಲಿಕೆಯ ಗುಂಪು ಯಾವುದು, ಯಾರು ಯಾವ ಗುಂಪಿಗೆ ಹೋಗುತ್ತಾರೆಂದು ಹೇಗೆ ನಿರ್ಧಾರವಾಗುತ್ತದೆ?

ಎರಡನೆಯದು ಅಳತೆಯ ಪ್ರಶ್ನೆ. ನೋವನ್ನು ತೂಗುವ ತಕ್ಕಡಿಯಿಲ್ಲ, ಕೇಳಿಯೇ ತಿಳಿಯಬೇಕು. ಸಾಮಾನ್ಯವಾಗಿ ಬಳಸುವ ವೊಮ್ಯಾಕ್ ಪ್ರಶ್ನಾವಳಿಯಲ್ಲಿ 24 ಪ್ರಶ್ನೆಗಳಿವೆ: ನೋವಿಗೆ 5, ಬಿಗಿತಕ್ಕೆ 2, ದಿನನಿತ್ಯದ ಚಲನೆಗೆ 17. ಅಂಕ ಎಷ್ಟು ಇಳಿದರೆ ರೋಗಿಗೆ ಅದು ಅನುಭವಕ್ಕೆ ಬರುವ ವ್ಯತ್ಯಾಸ ಎಂಬುದನ್ನು ಪ್ರಯೋಗ ಆರಂಭವಾಗುವ ಮೊದಲೇ ಬರೆದಿಟ್ಟಿರಬೇಕು. ನೋವಿನ ಮಾತ್ರೆ ನುಂಗಿದ ದಿನ ತುಂಬಿದ ಪ್ರಶ್ನಾವಳಿಯನ್ನು ಹೇಗೆ ಎಣಿಸುತ್ತಾರೆ, ನಡುವೆ ಸಾಧನ ತೆಗೆಸಿಕೊಂಡವರನ್ನು ಅಥವಾ ಮತ್ತೊಂದು ಶಸ್ತ್ರಚಿಕಿತ್ಸೆಗೆ ಹೋದವರನ್ನು ಹೇಗೆ ಎಣಿಸುತ್ತಾರೆ ಎಂದು ಕೇಳಿ. ಅವರನ್ನು ವಿಫಲತೆ ಎಂದು ಎಣಿಸುವುದು ನ್ಯಾಯ. ಅವರನ್ನು ಲೆಕ್ಕದಿಂದ ಹೊರಗಿಟ್ಟು ಉಳಿದವರ ಸರಾಸರಿಯನ್ನು ಮಾತ್ರ ಪ್ರಕಟಿಸಿದರೆ, ಚೆನ್ನಾಗಿರುವವರನ್ನು ಮಾತ್ರ ಕೇಳಿದಂತಾಗುತ್ತದೆ.

ಏರುದಾರಿ

ಇಬ್ಬರಿಗೂ ಕೃತಜ್ಞತೆಗಳು. ನೋವು ಒಳಬದಿಯ ಕೀಲುರೇಖೆಯ ಮೇಲೆಯೇ ಇದೆ, ಆದರೆ ಮಂಡಿಚಿಪ್ಪಿನ ಬಗ್ಗೆ ಯಾರೂ ವಿಶೇಷವಾಗಿ ನೋಡಿದಂತಿಲ್ಲ. ಕೇಳುತ್ತೇನೆ.

ಹೋಲಿಕೆಯ ವಿಷಯಕ್ಕೆ ಬಂದರೆ, ಸಮ್ಮತಿ ಪತ್ರದಲ್ಲಿ ಹುಸಿ ಶಸ್ತ್ರಚಿಕಿತ್ಸೆಯ ಗುಂಪಿನ ಪ್ರಸ್ತಾಪವಿಲ್ಲ. ಸೇರಿದವರೆಲ್ಲರಿಗೂ ಸಾಧನ ಹಾಕುತ್ತಾರೆ. ಫಲಿತಾಂಶವನ್ನು ಆಸ್ಟಿಯಾಟಮಿ ಮಾಡಿಸಿಕೊಂಡ ಬೇರೊಂದು ಗುಂಪಿನೊಂದಿಗೆ ಹೋಲಿಸುತ್ತಾರಂತೆ. ಹಾಗಾದರೆ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ ಎಂದು ಅರ್ಥವೇ?

ಎಣಿಕೆಮನೆ

ಹಾಗೆ ಹೇಳಲಾರೆ. ಮಿಶಾ ಸಾಧನದ ಅನುಮತಿಗೆ ಆಧಾರವಾದ ಅಧ್ಯಯನವೂ ಇದೇ ಮಾದರಿಯದು: ಸಾಧನ ಹಾಕಿಸಿಕೊಂಡ 81 ಜನರನ್ನು, ಆಸ್ಟಿಯಾಟಮಿ ಮಾಡಿಸಿಕೊಂಡವರಲ್ಲಿ ವಯಸ್ಸು, ತೂಕ, ನೋವಿನ ಮಟ್ಟ ಮುಂತಾದವುಗಳಲ್ಲಿ ಸರಿಸಾಟಿಯಾದವರೊಂದಿಗೆ ಎರಡು ವರ್ಷಗಳ ಕೊನೆಗೆ ಹೋಲಿಸಿದರು, ಸಾಧನದ ಗುಂಪಿನ ಫಲಿತಾಂಶ ಮೇಲಾಗಿತ್ತು. ಪೂರ್ಣ ಭಾರವೂರಿ ನಡೆಯಲು ಆಸ್ಟಿಯಾಟಮಿಯವರಿಗೆ ವಾರಗಳು ಹಿಡಿದರೆ, ಸಾಧನದವರು ಅದಕ್ಕಿಂತ ಬಹಳ ಬೇಗ ನಡೆದರು.

‘ಆಸ್ಟಿಯಾಟಮಿಯ ಬದಲಿಗೆ ಇದನ್ನು ಆರಿಸಿದರೆ ನಾನು ಹೇಗಿರುತ್ತೇನೆ’ ಎಂಬ ಪ್ರಶ್ನೆಗೆ ಇಂಥ ಅಧ್ಯಯನ ಉತ್ತರ ಕೊಡುತ್ತದೆ, ನಿಮ್ಮ ಎದುರಿಗಿರುವ ಆಯ್ಕೆಯೂ ಬಹುಶಃ ಅದೇ. ‘ನೋವು ಇಳಿದದ್ದು ಭಾರ ಇಳಿದದ್ದರಿಂದಲೇ’ ಎಂಬುದನ್ನು ಮಾತ್ರ ಅದು ಸಾಬೀತು ಮಾಡಲಾರದು. ಇದಲ್ಲದೆ, ಎರಡು ಗುಂಪುಗಳನ್ನು ಕಾಗದದ ಮೇಲೆ ಎಷ್ಟು ಸರಿಹೊಂದಿಸಿದರೂ, ಹೊಸ ಸಾಧನವನ್ನು ಬಯಸಿ ಬಂದವನ ಮನಸ್ಸು ಮತ್ತು ಮೂಳೆ ಕತ್ತರಿಸಿಕೊಳ್ಳಲು ಒಪ್ಪಿದವನ ಮನಸ್ಸು ಒಂದೇ ಎಂದು ಹೇಳಲಾಗದು. ಅಳೆಯಲಾಗದ ವ್ಯತ್ಯಾಸಗಳನ್ನು ಸರಿಹೊಂದಿಸುವ ಗಣಿತವಿಲ್ಲ, ಚೀಟಿ ಎತ್ತುವುದೊಂದೇ ಅವನ್ನು ಎರಡೂ ಕಡೆಗೆ ಹಂಚಬಲ್ಲದು.

ದೇಹದೊಳಗೆ ಅಳವಡಿಸುವ ಇಂಪ್ಲಾಂಟ್‌ಗಳಲ್ಲಿ ಚೀಟಿ ಎತ್ತಿ ಹಂಚುವುದು ಅಸಾಧ್ಯ ಎಂದು ಕೆಲವರು ವಾದಿಸುತ್ತಾರೆ, ನಾನು ಒಪ್ಪುವುದಿಲ್ಲ. ಹವಳದ ಅರಾಗೊನೈಟ್ ಖನಿಜದಿಂದ ಮಾಡಿದ ಅಜಿಲಿ–ಸಿ ಎಂಬ ಮೃದ್ವಸ್ಥಿ ಇಂಪ್ಲಾಂಟಿನ ಪ್ರಯೋಗದಲ್ಲಿ 251 ಜನರನ್ನು ಎರಡಕ್ಕೆ ಒಂದರಂತೆ ಹಂಚಿ, ಒಂದು ಗುಂಪಿಗೆ ಇಂಪ್ಲಾಂಟ್, ಇನ್ನೊಂದಕ್ಕೆ ಆಗ ರೂಢಿಯಲ್ಲಿದ್ದ ಶಸ್ತ್ರಚಿಕಿತ್ಸೆ ಮಾಡಿದರು. ಸೌಮ್ಯ ಮತ್ತು ಮಧ್ಯಮ ಸವೆತವಿದ್ದವರೂ ಅದರಲ್ಲಿದ್ದರು. ಸಾಧನಕ್ಕೆ 2022ರಲ್ಲಿ ಅನುಮತಿಯೂ ಬಂತು. ಕಷ್ಟ ನಿಜ, ಆದರೆ ಮಾಡಬಹುದಾದ ಕೆಲಸ.

ತಿರುಗುಚಕ್ರ (ಉತ್ತರ)

ನಾನು ಯಂತ್ರಶಾಸ್ತ್ರದವನು, ಇಂಪ್ಲಾಂಟ್‌ಗಳ ಬಾಳಿಕೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದೇನೆ. ಮೇಲೆ ಬಂದ 13 ಕಿಲೋ ಎಂಬ ಅಂಕಿಯನ್ನು ಕುರಿತು ಎರಡು ಮಾತು.

70 ಕಿಲೋ ತೂಕದವರ ಮಂಡಿಯ ಮೇಲೆ ನಡೆಯುವಾಗ 140ರಿಂದ 210 ಕಿಲೋದಷ್ಟು ಭಾರ ಬೀಳುತ್ತದೆ. ಅದರಲ್ಲಿ 13 ಕಿಲೋ ಸಣ್ಣ ಪಾಲಿನಂತೆ ಕಾಣುತ್ತದೆ. ಆದರೆ ತೂಕ ಇಳಿಸಿದ ಮಂಡಿ ರೋಗಿಗಳ ನಡಿಗೆಯನ್ನು ಅಳೆದ 2005ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ದೇಹದ ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ ಎಂದು ಕಂಡುಬಂದಿತು. ಆ ಲೆಕ್ಕದಲ್ಲಿ 13 ಕಿಲೋ ಹೀರುವ ಸಾಧನವು 3 ಕಿಲೋಗಿಂತ ತುಸು ಹೆಚ್ಚು ತೂಕ ಇಳಿಸಿದ್ದಕ್ಕೆ ಸಮ. ವ್ಯತ್ಯಾಸವೆಂದರೆ ಸಾಧನವು ಭಾರವನ್ನು ಸವೆದ ಬದಿಯಿಂದಲೇ ತೆಗೆಯುತ್ತದೆ, ತೂಕದ ಇಳಿಕೆ ಇಡೀ ಕೀಲಿಗೆ ಹಂಚಿಹೋಗುತ್ತದೆ. ನೀವು ಇಳಿಸಿರುವ 6 ಕಿಲೋ ಸಣ್ಣ ಸಾಧನೆಯಲ್ಲ ಎಂಬುದನ್ನು ತಿಳಿಸಲೆಂದೇ ಇದನ್ನು ಬರೆದೆ. ಸಾಧನ ಹಾಕಿಸಿಕೊಂಡ ಮೇಲೆ ಆ ತೂಕ ಮರಳಿ ಬಂದರೆ ಲಾಭದ ಬಹುಪಾಲು ಅಲ್ಲೇ ಕರಗಿಹೋಗಬಹುದು. ನಿಮ್ಮ ಪರೀಕ್ಷೆಯ ಸಾಧನ ಎಷ್ಟು ಹೀರುತ್ತದೆ, ಆ ಅಂಕಿ ಜೀವಂತ ನಡಿಗೆಯಲ್ಲಿ ಅಳೆದದ್ದೋ ಪ್ರಯೋಗಾಲಯದಲ್ಲಿ ಅಳೆದದ್ದೋ ಎಂದು ಕೇಳಿ.

ಬಾಳಿಕೆಯ ವಿಷಯ ಇನ್ನೂ ಮುಖ್ಯ. ಕೃತಕ ಮಂಡಿಗಳನ್ನು ಪರೀಕ್ಷಿಸುವಾಗ ಒಂದು ಕಾಲಿನ 10 ಲಕ್ಷ ಹೆಜ್ಜೆಗಳನ್ನು ಒಂದು ವರ್ಷದ ನಡಿಗೆ ಎಂದು ಎಣಿಸುವುದು ರೂಢಿ, ಸವೆತದ ಪರೀಕ್ಷೆಯನ್ನು ಸಾಮಾನ್ಯವಾಗಿ 50 ಲಕ್ಷ ಆವರ್ತನಗಳವರೆಗೆ ನಡೆಸುತ್ತಾರೆ. ನಿಮಗೆ 51 ವರ್ಷ. ಕೀಲು ಬದಲಾವಣೆಯನ್ನು 65ಕ್ಕೆ ಮುಂದೂಡುವ ಆಸೆಯಿದ್ದರೆ ಸಾಧನ ಸುಮಾರು 1 ಕೋಟಿ 40 ಲಕ್ಷ ಬಾರಿ ಕುಗ್ಗಿ ಹಿಗ್ಗಬೇಕು. ಚಲಿಸುವ ಭಾಗ ಸವೆದರೆ ಸೂಕ್ಷ್ಮ ಕಣಗಳು ಉದುರುತ್ತವೆ, ಸ್ಕ್ರೂ ಕೂತ ಮೂಳೆ ದಣಿಯುತ್ತದೆ, ಚರ್ಮದ ಕೆಳಗಿನ ಅಂಗಾಂಶ ತಿಕ್ಕಿ ನೋಯುತ್ತದೆ. ಎಷ್ಟು ಆವರ್ತನ ಪರೀಕ್ಷಿಸಿದ್ದೀರಿ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಹಿಂದೆ ಯೂನಿಸ್ಪೇಸರ್ ಎಂಬ ಲೋಹದ ಬಿಲ್ಲೆಯನ್ನು ಮೂಳೆ ಕತ್ತರಿಸದೆ ಕೀಲಿನ ನಡುವೆ ಇಡುತ್ತಿದ್ದರು. ಆಲೋಚನೆ ಸೊಗಸಾಗಿತ್ತು. ಕೆಲವೇ ವರ್ಷಗಳಲ್ಲಿ ಮರುಶಸ್ತ್ರಚಿಕಿತ್ಸೆಗಳ ಪ್ರಮಾಣ ಏರಿ, ವೈದ್ಯರು ಅದನ್ನು ಕೈಬಿಟ್ಟರು.

ಹಳೆಯಹೆಜ್ಜೆ (ಉತ್ತರ)

ನಾನು ವೈದ್ಯಳೂ ಅಲ್ಲ, ಎಂಜಿನಿಯರೂ ಅಲ್ಲ. ಬೇರೊಂದು ಮಂಡಿ ಸಾಧನದ ಪರೀಕ್ಷೆಯಲ್ಲಿ ಭಾಗವಹಿಸಿದ್ದೆ. ಸಂಸ್ಥೆಯ ಹೆಸರು, ಆಸ್ಪತ್ರೆಯ ಹೆಸರು ಇಲ್ಲಿ ಬೇಡ.

ಮೊದಲ ವರ್ಷ ನನಗೆ ನಿಜವಾಗಿಯೂ ಒಳ್ಳೆಯದಾಯಿತು. ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗುವುದು ನಿಂತಿತು, ಅದೊಂದಕ್ಕೇ ನಾನು ಋಣಿ. ಪರೀಕ್ಷೆ ನಡೆಯುತ್ತಿದ್ದಷ್ಟು ದಿನ ನನ್ನನ್ನು ನೋಡಿಕೊಂಡ ರೀತಿಯಲ್ಲೂ ಕೊರತೆಯಿರಲಿಲ್ಲ. ಒಂದೇ ನರ್ಸ್ ಪ್ರತಿ ಬಾರಿ ಫೋನ್ ಮಾಡುತ್ತಿದ್ದರು, ನಾನು ಹೇಳಿದ್ದನ್ನು ನೆನಪಿಟ್ಟು ಮುಂದಿನ ಸಲ ವಿಚಾರಿಸುತ್ತಿದ್ದರು. ಮೇಲಿನವರು ಬರೆದದ್ದನ್ನು ಓದುವಾಗ, ಆ ಫೋನ್ ಕರೆಗಳೂ ನನ್ನ ನೋವನ್ನು ಇಳಿಸಿದ್ದಿರಬಹುದು ಎಂದು ನನಗೂ ಅನ್ನಿಸಿತು.

ತೊಂದರೆ ಆರಂಭವಾದದ್ದು ಎರಡು ವರ್ಷಗಳ ಅವಧಿ ಮುಗಿದ ನಂತರ. ಮೂರನೆಯ ವರ್ಷದಲ್ಲಿ ಸ್ಕ್ರೂ ಇದ್ದ ಜಾಗದಲ್ಲಿ ಊತ ಬಂದು ನೋವು ಹೊಸದಾಗಿ ಶುರುವಾಯಿತು. ಫೋನ್ ಮಾಡಿದರೆ ಅಧ್ಯಯನ ಮುಗಿದಿದೆ ಎಂದರು. ನನ್ನ ಶಸ್ತ್ರವೈದ್ಯರು ಬೇರೆಡೆಗೆ ಹೋಗಿದ್ದರು. ಬೇರೆ ವೈದ್ಯರ ಬಳಿ ಹೋದಾಗ ಅವರು ಆ ಸಾಧನವನ್ನು ಅಲ್ಲಿಯವರೆಗೆ ನೋಡಿರಲೇ ಇಲ್ಲ, ಅದನ್ನು ಬಿಚ್ಚುವ ವಿಶೇಷ ಉಪಕರಣ ಎಲ್ಲಿ ಸಿಗುತ್ತದೆಂದು ತಿಳಿಯಲು ತಿಂಗಳುಗಳು ಹಿಡಿದವು. ತೆಗೆಸುವ ಖರ್ಚು ಯಾರದು ಎಂದು ಸಮ್ಮತಿ ಪತ್ರದಲ್ಲಿ ಹುಡುಕಿದೆ. ‘ಅಧ್ಯಯನದ ಅವಧಿಯಲ್ಲಿ ಸಂಭವಿಸುವ’ ಎಂಬ ಪದಗಳು ಅಲ್ಲಿದ್ದವು, ಸಹಿ ಹಾಕುವಾಗ ನಾನು ಅವುಗಳನ್ನು ಗಮನಿಸಿರಲಿಲ್ಲ. ಕೊನೆಗೆ ನನ್ನ ಖರ್ಚಿನಲ್ಲೇ ತೆಗೆಸಿದೆ.

ಮಾತ್ರೆಯ ಪರೀಕ್ಷೆಯಾದರೆ ಮಾತ್ರೆ ನಿಲ್ಲಿಸಿದರೆ ಮುಗಿಯುತ್ತದೆ. ಸಾಧನ ಹಾಗಲ್ಲ, ಅಧ್ಯಯನ ಮುಗಿದ ಮರುದಿನವೂ ಅದು ನಿಮ್ಮ ಕಾಲಿನಲ್ಲೇ ಇರುತ್ತದೆ. ಆದ್ದರಿಂದ ಎರಡು ವರ್ಷಗಳ ಆಚೆಗೆ ಯಾರು ನೋಡಿಕೊಳ್ಳುತ್ತಾರೆ, ತೆಗೆಯುವ ಉಪಕರಣ ಎಲ್ಲಿರುತ್ತದೆ, ಸಂಸ್ಥೆಯೇ ಮುಚ್ಚಿಹೋದರೆ ಹೊಣೆ ಯಾರದು, ಎಂಆರ್‌ಐ ಮಾಡಿಸಬಹುದೇ, ಸಾಧನದ ಮಾದರಿ ಸಂಖ್ಯೆ ಬರೆದ ಕಾರ್ಡ್ ಕೊಡುತ್ತಾರೆಯೇ ಎಂಬ ಐದನ್ನೂ ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ಹೇಳಿದವರು ಆಮೇಲೆ ಆ ಕುರ್ಚಿಯಲ್ಲಿರುವುದಿಲ್ಲ.

ಕೀಲುಮೂಳೆ

ಹಳೆಯಹೆಜ್ಜೆಯವರ ಅನುಭವ ಓದಿ ವ್ಯಥೆಯಾಯಿತು. ಶಸ್ತ್ರವೈದ್ಯನಾಗಿ ಇದನ್ನು ನಾನೇ ಮೊದಲು ಬರೆಯಬೇಕಿತ್ತು. ಏರುದಾರಿಯವರೇ, ಇಂಥ ಪ್ರಯೋಗಗಳನ್ನು ಸ್ವತಂತ್ರ ನೈತಿಕ ಸಮಿತಿಯೊಂದು ಪರಿಶೀಲಿಸಿರುತ್ತದೆ, ಅದರ ಸಂಪರ್ಕದ ವಿವರ ಸಮ್ಮತಿ ಪತ್ರದಲ್ಲಿ ಇರುತ್ತದೆ. ಪ್ರಯೋಗ ನಡೆಸುವವರಿಂದ ಉತ್ತರ ಬರದಿದ್ದರೆ ನೇರವಾಗಿ ಆ ಸಮಿತಿಗೆ ಬರೆಯುವ ಹಕ್ಕು ನಿಮಗಿದೆ. ಯಾವ ಹಂತದಲ್ಲಾದರೂ ಕಾರಣ ಹೇಳದೆ ಹಿಂದೆ ಸರಿಯಬಹುದು, ಅದರಿಂದ ನಿಮ್ಮ ಎಂದಿನ ಚಿಕಿತ್ಸೆಗೆ ಅಡ್ಡಿಯಾಗಕೂಡದು.

ಏರುದಾರಿ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಮುಖ್ಯ ಸಂಶೋಧಕರು ಒಂದು ಗಂಟೆ ಕೂತು ಮಾತಾಡಿದರು, ಬೇಸರಪಡಲಿಲ್ಲ. ಮಂಡಿಚಿಪ್ಪಿನ ಭಾಗವನ್ನು ಹೊಸ ಚಿತ್ರದಲ್ಲಿ ನೋಡಿ ಅಲ್ಲಿ ಸವೆತ ಅಲ್ಪ ಎಂದರು. ಸಾಧನ ತೆಗೆಸಿಕೊಂಡವರನ್ನು ವಿಫಲತೆ ಎಂದೇ ಎಣಿಸುವುದಾಗಿ ವಿನ್ಯಾಸದಲ್ಲಿ ಬರೆದಿದೆ, ಆ ಪುಟವನ್ನು ತೋರಿಸಿದರು. ಬಾಳಿಕೆಯ ಪರೀಕ್ಷೆಯ ಅಂಕಿಗಳನ್ನು ಸಂಸ್ಥೆಯಿಂದ ತರಿಸಿಕೊಡುವುದಾಗಿ ಹೇಳಿದ್ದಾರೆ.

ಎರಡು ವರ್ಷಗಳ ನಂತರದ ಹೊಣೆಯ ಪ್ರಶ್ನೆಗೆ ಮಾತ್ರ ಉತ್ತರ ತಡವರಿಸಿತು. ನಮ್ಮ ಪತ್ರದಲ್ಲೂ ‘ಅಧ್ಯಯನದ ಅವಧಿಯಲ್ಲಿ’ ಎಂಬ ಪದಗಳೇ ಇವೆ. ಸಾಧನ ದೇಹದಲ್ಲಿರುವಷ್ಟು ಕಾಲ ಅದರಿಂದಾದ ತೊಂದರೆಗೆ ಚಿಕಿತ್ಸೆ ಮತ್ತು ತೆಗೆಯುವ ವೆಚ್ಚ ಅವರದು ಎಂದು ತಿದ್ದಿ ಬರೆಯಬೇಕೆಂದು ಕೇಳಿದ್ದೇನೆ, ನೈತಿಕ ಸಮಿತಿಗೂ ಒಂದು ಪ್ರತಿ ಕಳಿಸಿದ್ದೇನೆ. ಆ ವಾಕ್ಯ ಬದಲಾಗಿ ಬರುವವರೆಗೆ ಸಹಿ ಹಾಕುವುದಿಲ್ಲ ಎಂದು ತಿಳಿಸಿ ಬಂದೆ. ಅಲ್ಲಿಯವರೆಗೆ ವ್ಯಾಯಾಮ ಮುಂದುವರಿದಿದೆ, ತೂಕ ಇನ್ನೂ ಅರ್ಧ ಕಿಲೋ ಇಳಿದಿದೆ.